ಇವತ್ತು ನೈಟ್ ಹಾಲ್ಟ್ ಇಲ್ಲೇ: ಮರೆಗುಳಿ ಕಾಯಿಲೆ ಇರುವ ಮನೆಯಲ್ಲಿ ನಗುವಿನ ಬಳಕೆ

ಸಂಜೆ ಆರೂವರೆಯಾದರೆ ಅಪ್ಪ ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲ ಬಳಿ ನಿಲ್ಲುತ್ತಿದ್ದರು. "ಮನೆಗೆ ಹೋಗಬೇಕು, ಹೊತ್ತಾಯಿತು" ಎನ್ನುತ್ತಿದ್ದರು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದು, ಹಾಸನದಲ್ಲಿ ತಾವೇ ಕಟ್ಟಿಸಿದ ಮನೆಯ ಹೊಸ್ತಿಲ ಮೇಲೆ ನಿಂತು ಈ ಮಾತು. "ಇದೇ ನಿಮ್ಮ ಮನೆ ಅಪ್ಪ, ಗೋಡೆಯ ಮೇಲೆ ನಿಮ್ಮ ಫೋಟೊ ಇದೆ ನೋಡಿ" ಎಂದು ನಾನು ಹೇಳುತ್ತಿದ್ದೆ. ಅವರು ಫೋಟೊ ನೋಡಿ, "ಅದು ಯಾರದ್ದೋ" ಎನ್ನುತ್ತಿದ್ದರು. ವಾದ ಮುಗಿಯುವ ಹೊತ್ತಿಗೆ ಅವರ ಕೈ ನಡುಗುತ್ತಿತ್ತು, ಅಮ್ಮ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಚ್ಚುಕಡಿಮೆ ಒಂದು ವರ್ಷ ನಮ್ಮ ಮನೆಯ ಸಂಜೆಗಳು ಹೀಗೇ ಕಳೆದವು.

ಒಂದು ದಿನ ಅಮ್ಮ ಚಪಾತಿ ಲಟ್ಟಿಸುತ್ತ, ತಲೆ ಎತ್ತದೆ ಹೇಳಿದರು: "ರೀ, ಇವತ್ತು ನೈಟ್ ಹಾಲ್ಟ್ ಇಲ್ಲೇ."

ಅಪ್ಪ ಒಂದು ಗಳಿಗೆ ಸುಮ್ಮನೆ ನಿಂತರು. ರಾತ್ರಿಯ ಕೊನೆಯ ಬಸ್ಸು ಹಳ್ಳಿಯಲ್ಲೇ ನಿಂತು, ಡ್ರೈವರ್ ಕಂಡಕ್ಟರ್ ಇಬ್ಬರೂ ಅಲ್ಲೇ ಮಲಗಿ, ಬೆಳಗಿನ ಮೊದಲ ಟ್ರಿಪ್ಪಿಗೆ ಎದ್ದು ಹೊರಡುವುದು ಅವರಿಗೆ ನೂರಾರು ರಾತ್ರಿಗಳ ಅಭ್ಯಾಸ. ಚೀಲ ಕೆಳಗಿಟ್ಟರು. "ಡ್ರೈವರಿಗೆ ಊಟ ಆಯಿತಾ?" ಎಂದು ಕೇಳಿದರು. "ಆಯಿತು, ಮೂರು ಸಲ ಸಾರು ಹಾಕಿಸಿಕೊಂಡ" ಎಂದರು ಅಮ್ಮ. ಅಪ್ಪ ಜೋರಾಗಿ ನಕ್ಕರು. "ಅವನು ಯಾವತ್ತೂ ಹಾಗೇ" ಎಂದು ಹೇಳಿ ತಟ್ಟೆಯ ಮುಂದೆ ಕುಳಿತರು. ಅಮ್ಮ ನಕ್ಕಿದ್ದನ್ನೂ ನಾನು ತಿಂಗಳುಗಳ ಮೇಲೆ ಅಂದೇ ನೋಡಿದ್ದು.

ಆ ರಾತ್ರಿಯಿಂದ ನಾವು ಕಲಿತದ್ದನ್ನು, ತಪ್ಪಿದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ನಾಳೆಯಿಂದಲೇ ಮಾಡಿ ನೋಡಬಹುದಾದ ಸಂಗತಿಗಳಿವು.

ನಗುವಿಗೂ ಮೊದಲು ವೈದ್ಯರು

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ನಂಬಿಕೊಂಡು ನಾವೂ ಎರಡು ವರ್ಷ ಕಳೆದೆವು. ಆ ಗಾದೆ ತಪ್ಪು. ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಷಿಯಾ, ಮುಪ್ಪಿನ ಸಹಜ ಗುಣವಲ್ಲ, ಮೆದುಳಿನ ಕಾಯಿಲೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಮೊದಲು ವಿವರಿಸಿದ, ಅವರದೇ ಹೆಸರು ಹೊತ್ತ ಕಾಯಿಲೆ ಇದಕ್ಕೆ ಅತಿ ಸಾಮಾನ್ಯ ಕಾರಣ. ನಮ್ಮ ದೇಶದಲ್ಲಿ ಅರವತ್ತು ದಾಟಿದ 100 ಜನರಲ್ಲಿ ಸುಮಾರು 7 ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆದರೆ ಮರೆವು ಕಂಡ ಕೂಡಲೇ ಅದು ಡಿಮೆನ್ಷಿಯಾವೇ ಎಂದು ತೀರ್ಮಾನಿಸಬೇಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳು ಕೂಡ ಮರೆವು ತರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಕಿವಿ ಸರಿಯಾಗಿ ಕೇಳಿಸದವರೂ ಮರೆತವರಂತೆ ಕಾಣುತ್ತಾರೆ. ಮೊದಲು ತಪಾಸಣೆ ಮಾಡಿಸಿ.

ಎರಡು ವಿಷಯ ಮಾತ್ರ ಮನಸ್ಸಿನಲ್ಲಿ ಗಟ್ಟಿಯಾಗಿರಲಿ. ನಿನ್ನೆಯವರೆಗೆ ಒಂದು ಹದದಲ್ಲಿದ್ದವರು ಒಂದೆರಡು ದಿನಗಳಲ್ಲಿ ಹಠಾತ್ತನೆ ಗೊಂದಲಗೊಂಡರೆ, ಇಲ್ಲದ ವಸ್ತುಗಳನ್ನು ಕಂಡಂತೆ ಮಾತನಾಡಿದರೆ, ಅದನ್ನು ಕಾಯಿಲೆಯ ಸ್ವಭಾವವೆಂದು ಬಿಡಬೇಡಿ. ಮೂತ್ರದ ಸೋಂಕು, ದೇಹದಲ್ಲಿ ನೀರು ಅಥವಾ ಸೋಡಿಯಂ ಕಡಿಮೆಯಾಗುವುದು, ಮಲಬದ್ಧತೆ, ನೋವು ಇದರ ಹಿಂದಿರಬಹುದು. ಆ ಹೊತ್ತಿನಲ್ಲಿ ನಗಿಸುತ್ತ ಕೂರುವುದು ಅಪಾಯ, ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ. ಇನ್ನೊಂದು, ಮೆದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳಿಗೆ ತಗಲುವ ಫ್ರಂಟೋಟೆಂಪೊರಲ್ ಡಿಮೆನ್ಷಿಯಾದಲ್ಲಿ ಹಾಸ್ಯಪ್ರಜ್ಞೆಯೇ ಬದಲಾಗುತ್ತದೆ. ಸಾವಿನ ಸುದ್ದಿಗೆ ನಗುವುದು, ಎಲ್ಲರ ಮುಂದೆ ಅಸಭ್ಯವಾಗಿ ತಮಾಷೆ ಮಾಡುವುದು ಮೊದಲ ಲಕ್ಷಣಗಳಾಗಿರಬಹುದು. ಅಂಥ ನಗುವಿಗೆ ನಾವೂ ಸೇರಿ ನಗುವ ಬದಲು ವೈದ್ಯರಿಗೆ ತಿಳಿಸಬೇಕು.

ಅವರ ಹಳೆಯ ನಗುವನ್ನು ಹುಡುಕಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅವರು ಆರೋಗ್ಯವಾಗಿದ್ದಾಗ ಯಾವುದಕ್ಕೆ ನಗುತ್ತಿದ್ದರು, ಯಾರನ್ನು ಏನೆಂದು ಕರೆದು ರೇಗಿಸುತ್ತಿದ್ದರು, ಕೆಲಸದ ಜಾಗದಲ್ಲಿ ದಿನವೂ ಬಾಯಿಗೆ ಬರುತ್ತಿದ್ದ ಮಾತು ಯಾವುದು ಎಂದು ಬರೆಯುತ್ತ ಹೋಗಿ. ನಿಮಗೆ ಗೊತ್ತಿಲ್ಲದಿದ್ದರೆ ಅವರ ತಂಗಿಯನ್ನು, ಹಳೆಯ ಸಹೋದ್ಯೋಗಿಯನ್ನು, ಪಕ್ಕದ ಮನೆಯ ಗೆಳತಿಯನ್ನು ಕೇಳಿ. ಅಪ್ಪನ ಜೊತೆ ಕೆಲಸ ಮಾಡಿದ್ದ ಡ್ರೈವರ್ ಮಾವ ಒಂದು ಮಧ್ಯಾಹ್ನ ಬಂದು ಕುಳಿತು ಹೇಳಿದ ಮಾತುಗಳಿಂದಲೇ ನಮ್ಮ ನೋಟ್‌ಬುಕ್ಕಿನ ನಾಲ್ಕು ಪುಟ ತುಂಬಿದವು. "ಚಿಲ್ಲರೆ ಕೊಡಿ", "ಒಳಗೆ ಹೋಗಿ, ಒಳಗೆ ಜಾಗ ಇದೆ", "ಹೋಲ್ಡಾನ್", "ರೈಟ್ ರೈಟ್", ವೇ ಬಿಲ್, ಡಿಪೋ, ಬಾಕಿ ಹಣವನ್ನು ಟಿಕೆಟಿನ ಹಿಂದೆ ಬರೆದುಕೊಡುವುದು. ನಮಗೆ ಇವು ಬರೀ ಮಾತುಗಳು. ಅಪ್ಪನಿಗೆ ಇವು ಮೈಯಲ್ಲೇ ಇಳಿದುಹೋದವು. ಇವತ್ತು ಬೆಳಿಗ್ಗೆ ತಿಂಡಿ ಏನೆಂಬುದು ನೆನಪಿರದಿದ್ದರೂ, ಹಾಸನ, ಹಗರೆ, ಬೇಲೂರು ಎಂದು ನಾನು ಶುರು ಮಾಡಿದರೆ ನಡುವಿನ ಹಳ್ಳಿಗಳನ್ನೆಲ್ಲ ಸೇರಿಸಿ ಅವರು ಒಪ್ಪಿಸುತ್ತಿದ್ದರು.

ಆಲ್ಝೈಮರ್ ಕಾಯಿಲೆಯಲ್ಲಿ ಹೊಸ ನೆನಪುಗಳು ಮೊದಲು ಹೋಗುತ್ತವೆ. ಸಾವಿರ ಸಲ ಆಡಿ ರೂಢಿಯಾದ ಮಾತು, ಲಯ, ಕೈಚಳಕ ಬಹಳ ಕಾಲ ಉಳಿಯುತ್ತವೆ. ಹಾಗಾಗಿ ನಿಮಗೆ ತಮಾಷೆ ಎನಿಸುವುದನ್ನು ತಂದು ಅವರ ಮುಂದಿಡಬೇಡಿ. ಶಾಲೆಯ ಮೇಷ್ಟ್ರಾಗಿದ್ದವರಿಗೆ ಹಾಜರಿ ಪುಸ್ತಕ, ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರಿಗೆ ಉಪ್ಪು ಜಾಸ್ತಿಯಾದ ಸಾರು, ದರ್ಜಿಯಾಗಿದ್ದವರಿಗೆ ಅಳತೆ ತಪ್ಪಿದ ಜುಬ್ಬ. ನಗು ಅಲ್ಲಿರುತ್ತದೆ.

ತಿದ್ದುವುದನ್ನು ಬಿಡಿ, "ಹೌದು" ಎಂದು ಒಂದು ಮಾತು ಸೇರಿಸಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆಯನ್ನು ನೀವು ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ. ಕಷ್ಟವಾದದ್ದೂ ಇದೇ. ಸುಳ್ಳು ಹೇಳಬಾರದೆಂದು ನಮಗೆ ಕಲಿಸಿದವರೇ ಅವರು. ಅವರಿಗೇ ಸುಳ್ಳು ಹೇಳುವುದು ಹೇಗೆ ಎಂದು ನನ್ನ ತಮ್ಮ ತಿಂಗಳುಗಟ್ಟಲೆ ಒಪ್ಪಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ನನ್ನ ಕೈಯಲ್ಲಿದ್ದ ತರಕಾರಿ ಚೀಲ ನೋಡಿ, "ಎಲ್ಲಿಗಮ್ಮ?" ಎಂದು ಕೇಳಿದರು. ಮಗಳನ್ನು ಕೇಳಿದರೋ ಪ್ರಯಾಣಿಕಳನ್ನು ಕೇಳಿದರೋ ಗೊತ್ತಾಗಲಿಲ್ಲ. ಹಿಂದಿನ ನಾನಾಗಿದ್ದರೆ "ಅಪ್ಪ, ನಾನು ನಿಮ್ಮ ಮಗಳು" ಎಂದು ಹೇಳಿ, ಅವರ ಮುಖ ಸಣ್ಣದಾಗುವುದನ್ನು ನೋಡುತ್ತಿದ್ದೆ. ಅಂದು "ಬೇಲೂರಿಗೆ, ಒಂದು ಟಿಕೆಟ್ ಕೊಡಿ" ಎಂದೆ. "ಲಗೇಜಿಗೆ ಬೇರೆ ಟಿಕೆಟ್" ಎಂದರು. "ನಾಲ್ಕು ಬದನೆಕಾಯಿಗೂ ಟಿಕೆಟ್ಟಾ?" ಎಂದೆ. ಚೀಲ ಬಗ್ಗಿಸಿ ನೋಡಿ, ಒಂದು ಬದನೆಕಾಯಿ ಎತ್ತಿ, "ಇದಕ್ಕೆ ಅರ್ಧ ಟಿಕೆಟ್ ಸಾಕು" ಎಂದರು. ಆ ಮಾತು ನನ್ನದಲ್ಲ, ಅವರದು. ನಾನು ಬಾಗಿಲು ಮಾತ್ರ ತೆರೆದಿಟ್ಟಿದ್ದೆ.

ಮಾಡಬೇಕಾದದ್ದು ಇಷ್ಟು. ಅವರು ಹೇಳಿದ್ದನ್ನು ಅಲ್ಲಗಳೆಯಬೇಡಿ. ಆ ಮಾತಿನ ಹಿಂದೆ ಭಯ ಇದೆಯೇ, ದುಃಖ ಇದೆಯೇ, ಸುಮ್ಮನೆ ಕುತೂಹಲವೇ ಎಂದು ಮುಖ ನೋಡಿ. ಕುತೂಹಲವಾದರೆ ಅವರ ಲೋಕದೊಳಗೆ ಒಂದು ಹೆಜ್ಜೆ ಇಟ್ಟು, ಒಂದು ಮಾತು ಸೇರಿಸಿ, ಸುಮ್ಮನಾಗಿ. ಮುಂದಿನ ಮಾತು ಅವರಿಂದ ಬರಲು ಸಮಯ ಕೊಡಿ. ಹತ್ತು ಸೆಕೆಂಡ್ ಬೇಕಾಗಬಹುದು, ನಮಗೆ ಅದು ಬಹಳ ಹೊತ್ತು ಅನಿಸುತ್ತದೆ.

ಭಯ, ದುಃಖ ಇದ್ದರೆ ತಮಾಷೆ ಬೇಡ. "ನಮ್ಮಮ್ಮ ಎಲ್ಲಿ?" ಎಂದು ಎಂಬತ್ತರ ಹಿರಿಯರು ಅಳುತ್ತ ಕೇಳಿದರೆ, ಅವರಮ್ಮ ತೀರಿಹೋದ ಸುದ್ದಿಯನ್ನು ಪ್ರತಿಸಲವೂ ಹೊಸದಾಗಿ ಕೊಡುವುದು ಕ್ರೌರ್ಯ. ನಗಿಸಲು ಹೋಗುವುದು ಅದಕ್ಕಿಂತ ಕ್ರೌರ್ಯ. ಕೈ ಹಿಡಿದು, "ಅಮ್ಮನ ನೆನಪಾಯಿತಾ? ಅವರು ನಿಮಗೆ ಏನು ಮಾಡಿಕೊಡುತ್ತಿದ್ದರು?" ಎಂದು ಕೇಳಿ. ಅಳು ತಗ್ಗಿ, ಹೋಳಿಗೆಯ ಮಾತು ಬಂದು, ಅಲ್ಲಿಂದ ನಗು ತಾನಾಗಿ ಬಂದರೆ ಬರಲಿ.

"ಐದು ನಿಮಿಷಕ್ಕೆ ಎಲ್ಲ ಮರೆತುಬಿಡುತ್ತಾರೆ, ನಗಿಸಿ ಏನು ಪ್ರಯೋಜನ?" ಎಂದು ಕೇಳುವವರಿದ್ದಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆಲ್ಝೈಮರ್ ರೋಗಿಗಳಿಗೆ ನಗಿಸುವ ಮತ್ತು ಅಳಿಸುವ ದೃಶ್ಯಗಳನ್ನು ತೋರಿಸಿದ್ದರು. ನೋಡಿದ್ದೇನೆಂದು ಅವರಿಗೆ ಹೆಚ್ಚೇನೂ ನೆನಪಿರಲಿಲ್ಲ, ಆದರೆ ಅದು ಮನಸ್ಸಿನಲ್ಲಿ ಎಬ್ಬಿಸಿದ ಭಾವ ಆಮೇಲೂ ಉಳಿದಿತ್ತು. ಇದರಲ್ಲಿ ಎಚ್ಚರಿಕೆಯೂ ಇದೆ. ಬೆಳಿಗ್ಗೆ ನಾವು ಗದರಿದ್ದನ್ನು ಅವರು ಮರೆಯುತ್ತಾರೆ, ಗದರಿಸಿಕೊಂಡ ನೋವು ಮಾತ್ರ ಕಾರಣವೇ ತಿಳಿಯದೆ ಅವರೊಳಗೆ ಉಳಿದಿರುತ್ತದೆ.

ಹೊತ್ತು, ಮುಖ, ದನಿ

ಎದುರಿನಿಂದ ಬನ್ನಿ, ಹಿಂದಿನಿಂದ ಬಂದು ಹೆಗಲು ಮುಟ್ಟಿದರೆ ಬೆಚ್ಚುತ್ತಾರೆ. ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಟಿವಿ ಆರಿಸಿ. ಕಿವಿಯ ಯಂತ್ರ ಹಾಕುವವರಾದರೆ ಅದು ಕೆಲಸ ಮಾಡುತ್ತಿದೆಯೇ ನೋಡಿ. ಮೊದಲು ನೀವು ಮುಗುಳ್ನಗಿ, ಆಮೇಲೆ ಮಾತು. ಮಾತಿನ ಅರ್ಥ ಹಿಡಿಯುವ ಶಕ್ತಿ ಕುಂದಿದ ಮೇಲೂ ಮುಖ ಓದುವ ಶಕ್ತಿ ಎಷ್ಟೋ ಉಳಿದಿರುತ್ತದೆ.

ವ್ಯಂಗ್ಯ, ಕೊಂಕು, ಎರಡರ್ಥದ ಮಾತು ಮೊದಲು ಕೈಬಿಡಬೇಕಾದವು. "ಆಹಾ, ಎಷ್ಟು ಚೆನ್ನಾಗಿ ಬಟ್ಟೆ ಹಾಕಿಕೊಂಡಿದ್ದೀರಿ" ಎಂದು ಉಲ್ಟಾ ಗುಂಡಿಯ ಅಂಗಿ ನೋಡಿ ಹೇಳಿದರೆ ಅವರು ಅದನ್ನು ಹೊಗಳಿಕೆ ಎಂದುಕೊಳ್ಳುತ್ತಾರೆ, ಇಲ್ಲವೇ ದನಿಯಲ್ಲಿರುವ ಕೊಂಕು ಮಾತ್ರ ತಾಗಿ ಕುಗ್ಗುತ್ತಾರೆ. ಕಣ್ಣಿಗೆ ಕಾಣುವ ಹಾಸ್ಯ ಒಳ್ಳೆಯದು: ತಲೆಗೆ ಟವೆಲ್ ಪೇಟ ಸುತ್ತಿಕೊಳ್ಳುವುದು, ದೊಡ್ಡದಾಗಿ ಸೀನುವುದು, ಮೊಮ್ಮಗುವಿನ ಜೊತೆ ಬಲೂನು ತಟ್ಟುವುದು. ಬೆಳಗಿನ ಹೊತ್ತು ಸಾಮಾನ್ಯವಾಗಿ ಹದವಾಗಿರುತ್ತದೆ. ಸಂಜೆಯಾದಂತೆ ದಣಿವು, ತಳಮಳ ಹೆಚ್ಚುತ್ತದೆ. ಕತ್ತಲಾಗುವ ಮೊದಲೇ ದೀಪ ಹಾಕಿ, ಸದ್ದು ಕಡಿಮೆ ಮಾಡಿ. ಆಗ ಒಂದು ರೂಢಿಯ ಮಾತು ಸಾಕು, ಹೊಸ ಆಟ ಬೇಡ.

ಗಾದೆಗಳನ್ನಂತೂ ಮರೆಯಬೇಡಿ. "ಕೈ ಕೆಸರಾದರೆ" ಎಂದು ನೀವು ನಿಲ್ಲಿಸಿದರೆ "ಬಾಯಿ ಮೊಸರು" ಎಂದು ಅವರು ಮುಗಿಸುತ್ತಾರೆ. ಆಮೇಲೆ "ಕೈ ಕೆಸರಾದರೆ ಸೋಪು ಹಾಕಿ ತೊಳಿ" ಎಂದು ಬೇಕೆಂದೇ ತಪ್ಪು ಹೇಳಿ. ಸದಾ ತಿದ್ದಿಸಿಕೊಂಡು ಸಾಕಾದವರಿಗೆ ನಮ್ಮನ್ನು ತಿದ್ದುವ ಅವಕಾಶ ಸಿಕ್ಕಾಗ ಆಗುವ ಖುಷಿಯನ್ನು ನೀವೇ ನೋಡಬೇಕು.

ಸ್ನಾನ, ಮಾತ್ರೆ, ಬಟ್ಟೆ

ಜಗಳಗಳೆಲ್ಲ ಹುಟ್ಟುವುದು ಇಲ್ಲಿ. ಸ್ನಾನದ ಮನೆಗೆ ಬರಲು ಅಪ್ಪ ಒಪ್ಪುತ್ತಿರಲಿಲ್ಲ. "ಬಸ್ಸು ಹೊರಡುವ ಹೊತ್ತಾಯಿತು, ಕಂಡಕ್ಟರ್ ಇನ್ನೂ ಸ್ನಾನ ಮಾಡಿಲ್ಲವಂತೆ" ಎಂದು ತಮ್ಮ ಒಂದು ದಿನ ಅವಸರ ಮಾಡಿದ. "ಬಂದೆ ಬಂದೆ" ಎಂದು ಎದ್ದು ಹೊರಟರು. ಕೆಲವು ವಾರ ಇದು ನಡೆಯಿತು. ಗೆದ್ದೆವೆಂದು ಹಿಗ್ಗಿ ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ನೀರು ಹಾಕುತ್ತ, "ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದೇವೆ, ಹಿಂದಿನ ಚಕ್ರ ತೋರಿಸಿ" ಎಂದೆ. ಅಪ್ಪ ಮೈ ಹಿಡಿಮಾಡಿಕೊಂಡರು. "ನಾನು ಬಸ್ಸಾ?" ಎಂದು ಕೇಳಿದರು. ಬಟ್ಟೆಯಿಲ್ಲದೆ, ಮಗಳ ಮುಂದೆ, ಒದ್ದೆಯಾಗಿ ಕುಳಿತ ಮನುಷ್ಯನ ಪ್ರಶ್ನೆ ಅದು. ನಾನು ಟವೆಲ್ ಹೊದಿಸಿ, ತಪ್ಪಾಯಿತು ಎಂದು ಹೇಳಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ ತಿಳಿಯದು. ಆ ದಿನದಿಂದ ಸ್ನಾನ ಮಾಡಿಸುವ ಕೆಲಸ ತಮ್ಮನದಾಯಿತು, ಒಂದು ಟವೆಲ್ ಸದಾ ಅವರ ತೊಡೆಯ ಮೇಲಿರುತ್ತಿತ್ತು.

ಕಂಡಕ್ಟರ್ ಎಂದು ಕರೆದಾಗ ಅವರು ದೊಡ್ಡವರಾಗುತ್ತಿದ್ದರು. ಬಸ್ಸು ಎಂದಾಗ ವಸ್ತುವಾದರು. ಯಾವುದೇ ತಮಾಷೆ ಆಡುವ ಮೊದಲು ನೋಡಬೇಕಾದದ್ದು ಇದನ್ನೇ: ಈ ಮಾತಿನಲ್ಲಿ ಅವರು ಯಾರಾಗಿದ್ದಾರೆ? ಬೆತ್ತಲೆಯಾಗಿದ್ದಾಗ, ಬಟ್ಟೆ ಒದ್ದೆ ಮಾಡಿಕೊಂಡಾಗ, ಬಿದ್ದಾಗ ತಮಾಷೆ ಬೇಡವೇ ಬೇಡ. ಬೇಗ ಬೇಗ ಶುಚಿ ಮಾಡಿ, ಏನೂ ಆಗಿಲ್ಲವೆಂಬಂತೆ ಬೇರೆ ಮಾತು ತೆಗೆಯಿರಿ.

ಮಾತ್ರೆಯ ವಿಷಯದಲ್ಲಿ ಹಾಡು, ಎಣಿಕೆ, "ನೀವೊಂದು ನಾನೊಂದು" ಎಂದು ನಾವು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಳ್ಳುವುದು ನಡೆಯುತ್ತದೆ. ಆದರೆ ನುಂಗುವ ಹೊತ್ತಿನಲ್ಲಿ ನಗಿಸಬೇಡಿ. ಈ ಕಾಯಿಲೆ ಬೆಳೆದಂತೆ ನುಂಗುವುದು ಕಷ್ಟವಾಗುತ್ತದೆ, ಅನ್ನವೋ ನೀರೋ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಊಟದ ತಟ್ಟೆಯ ಮುಂದೆ ನೆಟ್ಟಗೆ ಕೂರಿಸಿ, ನಗುವನ್ನು ಕೈ ತೊಳೆದ ಮೇಲೆ ಇಟ್ಟುಕೊಳ್ಳಿ.

ನೆಂಟರಿಗೆ ಮೊದಲೇ ಹೇಳಿಬಿಡಿ

"ನಾನು ಯಾರು ಹೇಳಿ ನೋಡೋಣ?" ನಮ್ಮ ಕಡೆಯ ಮದುವೆ, ಗೃಹಪ್ರವೇಶಗಳಲ್ಲಿ ಈ ಪ್ರಶ್ನೆ ಕೇಳದವರಿಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ. ಸುತ್ತ ಹತ್ತು ಜನ ನಿಂತಿರುತ್ತಾರೆ, ಉತ್ತರ ತಪ್ಪಾದರೆ ನಗು ಏಳುತ್ತದೆ, ಆ ನಗುವಿನ ನಡುವೆ ಅಪ್ಪ ಒಬ್ಬರೇ ನಗದೆ ಕೈ ಹಿಸುಕಿಕೊಳ್ಳುತ್ತ ನಿಂತಿದ್ದನ್ನು ನಾನು ಮರೆಯಲಾರೆ. ನಗು ಸರಿಯೋ ತಪ್ಪೋ ಎಂದು ಅಳೆಯಲು ನನಗೆ ಗೊತ್ತಿರುವುದು ಒಂದೇ ಅಳತೆ: ಅವರೂ ನಗುತ್ತಿದ್ದಾರೆಯೇ?

ನೆಂಟರು ಬರುವ ಮೊದಲೇ ಫೋನಿನಲ್ಲಿ ಹೇಳಿ: "ಪರೀಕ್ಷೆ ಮಾಡಬೇಡಿ. ಬಂದ ಕೂಡಲೇ ನಿಮ್ಮ ಹೆಸರು, ಯಾರ ಮಗ ಎಂದು ನೀವೇ ಹೇಳಿಕೊಳ್ಳಿ." ಮಕ್ಕಳಿಗೂ ಕಲಿಸಿ. ಅಜ್ಜನ ತಪ್ಪು ಮಾತುಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದನ್ನು ನಮ್ಮ ಮನೆಯಲ್ಲಿ ಸಂಪೂರ್ಣ ನಿಲ್ಲಿಸಿದ್ದೇವೆ. ಆ ವಿಡಿಯೊ ಯಾರ ಕೈ ಸೇರುತ್ತದೆಂದು ಅವರಿಗೆ ಗೊತ್ತಿಲ್ಲ, ಬೇಡವೆನ್ನುವ ಶಕ್ತಿಯೂ ಅವರಿಗಿಲ್ಲ. ಅವರ ಪರವಾಗಿ ಬೇಡ ಎನ್ನಬೇಕಾದವರು ನಾವು.

ನೋಡಿಕೊಳ್ಳುವವರಿಗೂ ನಗು ಬೇಕು

ರಾತ್ರಿ ಹನ್ನೊಂದಕ್ಕೆ ನಾನೂ ತಮ್ಮನೂ ಮಹಡಿಯ ಮೇಲೆ ಕುಳಿತು ಆ ದಿನದ ಸಂಗತಿಗಳನ್ನು ಹೇಳಿಕೊಂಡು ನಗುತ್ತಿದ್ದೆವು. ಕನ್ನಡಕ ಅಕ್ಕಿ ಡಬ್ಬದಲ್ಲಿ ಸಿಕ್ಕಿದ್ದು, ಹಾಲಿನವನಿಗೆ ಅಪ್ಪ ಟಿಕೆಟ್ ಕೊಡಲು ಹೋಗಿ ಅವನೂ ಗಂಭೀರವಾಗಿ ಒಂದು ರೂಪಾಯಿ ಕೊಟ್ಟು ಹೋಗಿದ್ದು. ಅಮ್ಮ ಒಂದು ದಿನ ಮೆಟ್ಟಿಲು ಹತ್ತಿ ಬಂದು, "ಮನುಷ್ಯನಿಗೆ ಇಂಥ ಕಷ್ಟ ಬಂದಿರುವಾಗ ನಗುತ್ತಿದ್ದೀರಲ್ಲ" ಎಂದರು. ಉತ್ತರ ಹೊಳೆಯದೆ ಹಾಲಿನವನ ಕಥೆ ಹೇಳಿದೆವು. ಅಮ್ಮ ನಕ್ಕರು, ನಗುತ್ತ ನಗುತ್ತ ಅತ್ತರು, ಅತ್ತು ಹಗುರಾದರು. ಆಮೇಲೆ ಮಹಡಿಗೆ ಮೂರು ಕುರ್ಚಿ ಬಂದವು.

ಇಂಥ ನಗು ಅವರ ಕಿವಿಗೆ ಬೀಳದ ಜಾಗದಲ್ಲಿರಲಿ, ಪರಿಸ್ಥಿತಿಯನ್ನು ಕಂಡು ಹುಟ್ಟಲಿ, ಮನುಷ್ಯನನ್ನು ಹಳಿದು ಹುಟ್ಟುವುದು ಬೇಡ. ಒಂದು ವೇಳೆ ವಾರಗಟ್ಟಲೆ ನಿಮಗೆ ಯಾವುದಕ್ಕೂ ನಗು ಬರುತ್ತಿಲ್ಲ, ನಿದ್ದೆ ಬರುತ್ತಿಲ್ಲ, ಅವರ ಮೇಲೆ ಕೈ ಎತ್ತುವಷ್ಟು ಸಿಟ್ಟು ಬರುತ್ತಿದೆ ಎಂದಾದರೆ, ಅದನ್ನು ನಗುವಿನಿಂದ ಮುಚ್ಚಬೇಡಿ. ನೀವು ದಣಿದಿದ್ದೀರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಬೆಂಗಳೂರಿಗೆ ಹೋಗಿಬರಲು ಆಗುವವರಿಗೆ ನಿಮ್ಹಾನ್ಸ್ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ಆಲ್ಝೈಮರ್ ಮತ್ತು ಅಂಥ ಕಾಯಿಲೆಯವರಿಗಾಗಿಯೇ ಇರುವ ಎಆರ್‌ಡಿಎಸ್‌ಐ ಸಂಸ್ಥೆ ಕುಟುಂಬದವರಿಗೂ ನೆರವಾಗುತ್ತವೆ. ವಾರಕ್ಕೆ ಒಂದು ಮಧ್ಯಾಹ್ನವಾದರೂ ಬೇರೆಯವರಿಗೆ ಒಪ್ಪಿಸಿ ಹೊರಗೆ ಹೋಗಿ. ಸೊಸೆಯೊಬ್ಬಳ ತಲೆಗೇ ಎಲ್ಲವನ್ನೂ ಕಟ್ಟಿ, ಉಳಿದವರು ಫೋನಿನಲ್ಲಿ ಸಲಹೆ ಕೊಡುವ ಮನೆಗಳನ್ನು ಬಹಳ ಕಂಡಿದ್ದೇನೆ. ಆ ಸೊಸೆಗೆ ಮೊದಲು ಬೇಕಿರುವುದು ಒಂದು ರಾತ್ರಿಯ ನಿದ್ದೆ.

ನಗುವಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದೂ ಗೊತ್ತಿರಲಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 35 ಆರೈಕೆ ಕೇಂದ್ರಗಳಲ್ಲಿ ನಗಿಸುವ ಕಲಾವಿದರನ್ನು ಕರೆಸಿ, ಅಲ್ಲಿನ ಸಿಬ್ಬಂದಿಗೂ ತರಬೇತಿ ಕೊಟ್ಟು ಒಂದು ಅಧ್ಯಯನ ನಡೆಸಿದ್ದರು, 2013ರಲ್ಲಿ ಅದು ಪ್ರಕಟವಾಯಿತು. ಅಲ್ಲಿದ್ದ ಹಿರಿಯರ ತಳಮಳ ಕಡಿಮೆಯಾಗಿತ್ತು. ಖಿನ್ನತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಮನೆಯ ಅನುಭವವೂ ಇದೇ. ನಗು ಅಪ್ಪನ ಕಾಯಿಲೆಯನ್ನು ಒಂದು ದಿನವೂ ಹಿಂದಕ್ಕೆ ತಳ್ಳಲಿಲ್ಲ. ಸಂಜೆಗಳನ್ನು ಮಾತ್ರ ಉಳಿಸಿಕೊಟ್ಟಿತು.

ಮಾತು ಹೋದ ಮೇಲೆ

ಈಗ ಅಪ್ಪ ಮಾತನಾಡುವುದಿಲ್ಲ. ನೈಟ್ ಹಾಲ್ಟ್ ಎಂದರೂ ಮುಖದಲ್ಲಿ ಏನೂ ಬದಲಾಗುವುದಿಲ್ಲ. ಇಂಥ ಹಂತದಲ್ಲಿ ಮಾತಿನ ತಮಾಷೆ ನಿಲ್ಲಿಸಿ, ಲಯ ಮತ್ತು ಸ್ಪರ್ಶಕ್ಕೆ ಬನ್ನಿ. ಅಂಗೈ ತಟ್ಟುವುದು, ಗುನುಗುವುದು, ಹಣೆ ಸವರುವುದು, ಮಗುವನ್ನು ಪಕ್ಕದಲ್ಲಿ ಕೂರಿಸುವುದು. ಸ್ಪಂದನೆ ಬರದಿದ್ದರೆ ಒತ್ತಾಯ ಬೇಡ, ನಾಳೆ ನೋಡಿ.

ಕಂಡಕ್ಟರುಗಳು ಬಸ್ಸಿನ ಬಾಗಿಲ ಪಕ್ಕದ ತಗಡನ್ನು ಎರಡು ಸಲ ಬಡಿದು "ರೈಟ್" ಎನ್ನುವುದು ನಿಮಗೆ ಗೊತ್ತೇ ಇದೆ. ರಾತ್ರಿ ದೀಪ ಆರಿಸುವ ಮುನ್ನ ಅಮ್ಮ ಅಪ್ಪನ ಮಂಚದ ಪಟ್ಟಿಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುತ್ತಾರೆ. ಎಷ್ಟೋ ರಾತ್ರಿ ಏನೂ ಆಗುವುದಿಲ್ಲ. ಮೊನ್ನೆ ಶುಕ್ರವಾರ ಹೊದಿಕೆಯ ಮೇಲಿದ್ದ ಅಪ್ಪನ ತೋರುಬೆರಳು ಮೆಲ್ಲಗೆ ಎದ್ದು, ಎರಡು ಸಲ ಬಡಿಯಿತು. ಅಮ್ಮ "ರೈಟ್" ಎಂದು ಹೇಳಿ ದೀಪ ಆರಿಸಿದರು.